60 ಹರ್ಟ್ಸ್ ಮಾನಿಟರನ್ನು 72ಕ್ಕೆ, 75ಕ್ಕೆ ಏರಿಸುವುದು: ನನ್ನ ಅನುಭವ

ಮಾನಿಟರ್ ಸೆಕೆಂಡಿಗೆ ಎಷ್ಟು ಸಲ ಹೊಸ ಚಿತ್ರ ಬಿಡಿಸುತ್ತದೆ ಎಂಬ ಲೆಕ್ಕವೇ ಹರ್ಟ್ಸ್. 60 ಹರ್ಟ್ಸ್‌ನಲ್ಲಿ ಒಂದು ಫ್ರೇಮ್, ಅಂದರೆ ಒಂದು ಚಿತ್ರ, ಪರದೆಯ ಮೇಲೆ 16.67 ಮಿಲಿಸೆಕೆಂಡ್ ಇರುತ್ತದೆ. 75ರಲ್ಲಿ 13.33. ವ್ಯತ್ಯಾಸ ಮೂರು ಚಿಲ್ಲರೆ ಮಿಲಿಸೆಕೆಂಡ್ ಅಷ್ಟೇ. ಆದರೂ ಕರ್ಸರ್ ಎಳೆಯುವಾಗ, ಉದ್ದನೆಯ ಪುಟ ಸ್ಕ್ರೋಲ್ ಮಾಡುವಾಗ ಕಣ್ಣಿಗೆ ಗೊತ್ತಾಗುತ್ತದೆ. ಖರ್ಚಿಲ್ಲದೆ ಸಿಗುವ ಈ ಲಾಭವನ್ನು ಬಿಡಬಾರದು ಎಂಬುದು ನನ್ನ ನಿಲುವು.

ಮೊದಲು ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇ ತೆರೆದು ನೋಡಿ. 144 ಹರ್ಟ್ಸ್ ಮಾನಿಟರ್ ಇಟ್ಟುಕೊಂಡು 60ರಲ್ಲೇ ಓಡಿಸುವವರೂ ಇದ್ದಾರೆ. ಪಟ್ಟಿಯಲ್ಲಿ ಹೆಚ್ಚಿನ ಸಂಖ್ಯೆ ಇದ್ದರೆ ಆರಿಸಿಕೊಳ್ಳಿ, ಕೆಲಸ ಮುಗಿಯಿತು. ಇಲ್ಲದಿದ್ದರೆ ಮಾನಿಟರಿನ ಸ್ವಂತ ಮೆನುವಿನಲ್ಲಿ ಓವರ್‌ಕ್ಲಾಕ್ (ನಿಗದಿತ ವೇಗಕ್ಕಿಂತ ಹೆಚ್ಚು ಓಡಿಸುವ) ಆಯ್ಕೆ ಇದೆಯೇ, ಡಿಸ್‌ಪ್ಲೇಪೋರ್ಟ್ ಕೇಬಲ್ ಹಾಕಿದರೆ ಪಟ್ಟಿ ಬೆಳೆಯುತ್ತದೆಯೇ ನೋಡಿ.

ಇವೆರಡೂ ಆಗದಿದ್ದಾಗ ಪಿಕ್ಸೆಲ್ ಕ್ಲಾಕಿನ, ಅಂದರೆ ಕೇಬಲ್‌ನಲ್ಲಿ ಸೆಕೆಂಡಿಗೆ ಎಷ್ಟು ಪಿಕ್ಸೆಲ್ ಹೋಗುತ್ತದೆ ಎಂಬ, ಲೆಕ್ಕಕ್ಕೆ ಇಳಿಯಬೇಕು. 1920×1080 ಎಂದು ನಾವು ಕರೆಯುವ ಚಿತ್ರ ಕೇಬಲ್‌ನಲ್ಲಿ 2200×1125 ಆಗಿ ಹೋಗುತ್ತದೆ. ಹೆಚ್ಚುವರಿ ಭಾಗದಲ್ಲಿ ಚಿತ್ರವೇ ಇಲ್ಲ, ಅದು ಬ್ಲ್ಯಾಂಕಿಂಗ್, ಅಂದರೆ ಒಂದು ಸಾಲಿಗೂ ಇನ್ನೊಂದಕ್ಕೂ, ಒಂದು ಫ್ರೇಮಿಗೂ ಇನ್ನೊಂದಕ್ಕೂ ನಡುವಿನ ಬಿಡುವು. ಸೆಕೆಂಡಿಗೆ 60 ಸಲ ಎಂದರೆ 148.5 ಮೆಗಾಹರ್ಟ್ಸ್. ಸಿಂಗಲ್ ಲಿಂಕ್ ಡಿವಿಐ, ಹಳೆಯ ಎಚ್‌ಡಿಎಂಐ ಎರಡಕ್ಕೂ ಮಿತಿ 165 ಮೆಗಾಹರ್ಟ್ಸ್. ಆದ್ದರಿಂದ ಈ ಟೈಮಿಂಗ್‌ನಲ್ಲಿ (ಚಿತ್ರ ಮತ್ತು ಬಿಡುವುಗಳ ಈ ಅಳತೆಯಲ್ಲಿ) 66 ಹರ್ಟ್ಸ್ ದಾಟಲಾಗದು. ಬಿಡುವನ್ನು ಕುಗ್ಗಿಸುವ ರಿಡ್ಯೂಸ್ಡ್ ಬ್ಲ್ಯಾಂಕಿಂಗ್ ಆರಿಸಿದರೆ ಒಟ್ಟು ಅಳತೆ 2080×1111ಕ್ಕೆ ಇಳಿಯುತ್ತದೆ, ಅದೇ ಕೇಬಲ್ 71ರವರೆಗೆ ಹೋಗುತ್ತದೆ. ಎಚ್‌ಡಿಎಂಐ 1.4ರ ಮಿತಿ 340 ಮೆಗಾಹರ್ಟ್ಸ್. ಅಲ್ಲಿ ಕೇಬಲ್ ಅಡ್ಡಿಯಲ್ಲ, ಅಡ್ಡಿ ಬಂದರೆ ಚಿತ್ರ ಮೂಡಿಸುವ ಪ್ಯಾನೆಲ್‌ನಿಂದ ಅಥವಾ ಬಂದ ಸಂಕೇತವನ್ನು ಅದಕ್ಕೆ ಹೊಂದಿಸುವ ಸ್ಕೇಲರ್ ಚಿಪ್‌ನಿಂದ.

ಸಿನಿಮಾ ಹೆಚ್ಚು ನೋಡುವವರಿಗೆ ನಾನು 75ಕ್ಕಿಂತ 72 ಹೇಳುತ್ತೇನೆ. 24 ಫ್ರೇಮ್‌ಗಳ ವಿಡಿಯೊದ ಪ್ರತಿ ಫ್ರೇಮೂ 72ರಲ್ಲಿ ಸರಿಯಾಗಿ ಮೂರು ಸಲ ಬರುತ್ತದೆ. 60ರಲ್ಲಿ ಒಮ್ಮೆ ಮೂರು, ಒಮ್ಮೆ ಎರಡು ಸಲ ಬಂದು ಕ್ಯಾಮೆರಾ ಪಕ್ಕಕ್ಕೆ ಸರಿಯುವ ದೃಶ್ಯಗಳು ಕುಲುಕುತ್ತವೆ. ಆದರೆ 2080×1111ರಲ್ಲಿ 72 ಬೇಕೆಂದರೆ 166.4 ಮೆಗಾಹರ್ಟ್ಸ್, ಮಿತಿಯನ್ನು ಕೂದಲೆಳೆಯಷ್ಟು ದಾಟುತ್ತದೆ. ಆಗ ಟೈಮಿಂಗನ್ನು ಮ್ಯಾನ್ಯುಯಲ್ ಮಾಡಿ ಅಡ್ಡ ಸಾಲಿನ ಫ್ರಂಟ್ ಪೋರ್ಚನ್ನು (ಚಿತ್ರ ಮುಗಿದ ಮೇಲೆ, ಸಿಂಕ್ ಸಂಕೇತಕ್ಕೆ ಮೊದಲಿನ ಬಿಡುವು) 48ರಿಂದ 8ಕ್ಕೆ ಇಳಿಸುತ್ತೇನೆ. ಸಿಂಕ್ 32, ಅದರ ನಂತರದ ಬಿಡುವಾದ ಬ್ಯಾಕ್ ಪೋರ್ಚ್ 80 ಹಾಗೇ ಇರಲಿ. ಒಟ್ಟು 2040 ಆಗಿ ಕ್ಲಾಕ್ 163.2ಕ್ಕೆ ಬರುತ್ತದೆ. ಇದೇ ಕ್ರಮದಲ್ಲಿ ಲಂಬ ಅಳತೆಗಳು 3, 5, 23. ಇವನ್ನು ಇನ್ನೂ ಕತ್ತರಿಸುವ ಆಸೆ ಬೇಡ. ಗ್ರಾಫಿಕ್ಸ್ ಕಾರ್ಡ್ ತನ್ನ ಮೆಮೊರಿ ವೇಗವನ್ನು ಬದಲಾಯಿಸಿಕೊಳ್ಳುವುದು ಈ ಲಂಬ ಬಿಡುವಿನಲ್ಲೇ. ಬಿಡುವು ತೀರಾ ಕಡಿಮೆಯಾದರೆ ಪರದೆ ಮಿಣುಕುತ್ತದೆ, ಇಲ್ಲವೇ ಮೆಮೊರಿ ಸದಾ ಗರಿಷ್ಠ ವೇಗದಲ್ಲೇ ನಿಂತು ಸುಮ್ಮನಿರುವಾಗಲೂ ಕಾರ್ಡ್ ಬಿಸಿಯಾಗುತ್ತದೆ.

ಈ ಅಳತೆಗಳನ್ನು ಹಾಕಲು ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಚೇಂಜ್ ರೆಸಲ್ಯೂಶನ್, ಕಸ್ಟಮೈಸ್, ಕ್ರಿಯೇಟ್ ಕಸ್ಟಮ್ ರೆಸಲ್ಯೂಶನ್ ಎಂದು ಹೋಗಿ, ಟೈಮಿಂಗ್ ಪಟ್ಟಿಯಿಂದ ಸಿವಿಟಿ ರಿಡ್ಯೂಸ್ಡ್ ಬ್ಲ್ಯಾಂಕ್ ಆರಿಸಿ ಟೆಸ್ಟ್ ಒತ್ತಬೇಕು. ಎಎಂಡಿಯ ಅಡ್ರಿನಲಿನ್ ಪ್ರೋಗ್ರಾಂನಲ್ಲಿ ಡಿಸ್‌ಪ್ಲೇ ಪುಟದ ಕಸ್ಟಮ್ ರೆಸಲ್ಯೂಶನ್ಸ್ ಅಡಿಯಲ್ಲಿ ಇದೇ ಸಿಗುತ್ತದೆ. ಇಂಟೆಲ್ ಗ್ರಾಫಿಕ್ಸ್‌ಗೆ ಜೋಡಿಸಿದ ಲ್ಯಾಪ್‌ಟಾಪ್ ಪರದೆಗಾದರೆ ಸಿಆರ್‌ಯು, ಅಂದರೆ ಕಸ್ಟಮ್ ರೆಸಲ್ಯೂಶನ್ ಯುಟಿಲಿಟಿ ಎಂಬ ಪ್ರೋಗ್ರಾಂ ಬೇಕು. ಅದರಲ್ಲಿ ಡೀಟೇಲ್ಡ್ ರೆಸಲ್ಯೂಶನ್ಸ್ ಪಟ್ಟಿಯ ಮೊದಲ ಸಾಲನ್ನು ಮುಟ್ಟಬೇಡಿ, ಅದು ಪರದೆಯ ಮೂಲ ಅಳತೆ. ಹೊಸ ಸಾಲು ಸೇರಿಸಿ ಉಳಿಸಿ, ಜೊತೆಗೇ ಬರುವ ರಿಸ್ಟಾರ್ಟ್64 ಓಡಿಸಿ. ಪರದೆ ಕಪ್ಪಾಗಿ 15 ಸೆಕೆಂಡ್ ಕಳೆದರೂ ಮರಳದಿದ್ದರೆ ಎಫ್8 ಒತ್ತಿ. ಅದೂ ಫಲಿಸದಿದ್ದರೆ ಸೇಫ್ ಮೋಡ್‌ಗೆ ಹೋಗಿ ರಿಸೆಟ್-ಆಲ್ ಓಡಿಸಿದರೆ ಎಲ್ಲ ಮೊದಲಿನಂತಾಗುತ್ತದೆ.

60ರಿಂದ ನೇರವಾಗಿ 75ಕ್ಕೆ ಹಾರಬೇಡಿ. 65, 68, 70 ಎಂದು ಏರಿ, ಆಮೇಲೆ ಒಂದೊಂದೇ ಹರ್ಟ್ಸ್. ‘ಔಟ್ ಆಫ್ ರೇಂಜ್’ ಬರಹ ಕಂಡರೆ ಮಾನಿಟರ್ ಆ ಸಂಕೇತವನ್ನು ಒಪ್ಪುತ್ತಿಲ್ಲ ಎಂದರ್ಥ, ಹಿಂದಿನ ಅಳತೆಗೆ ಬನ್ನಿ.

ಅತಿ ಮುಖ್ಯ ಪರೀಕ್ಷೆ ಇನ್ನು ಮುಂದಿದೆ. ವಿಂಡೋಸ್ 75 ಎಂದು ತೋರಿಸಿದ ಮಾತ್ರಕ್ಕೆ ಪ್ಯಾನೆಲ್ 75 ಫ್ರೇಮ್ ಬಿಡಿಸುತ್ತಿದೆ ಎಂದಲ್ಲ. ಕೆಲವು ಸ್ಕೇಲರ್‌ಗಳು 75 ಫ್ರೇಮ್‌ಗಳನ್ನು ಒಳಗೆ ತೆಗೆದುಕೊಂಡು ಪ್ರತಿ ಐದನೆಯದನ್ನು ಎಸೆದು 60ನ್ನೇ ತೋರಿಸುತ್ತವೆ. ಇದು 60ಕ್ಕಿಂತಲೂ ಕೆಟ್ಟದು, ಚಲನೆ ತಡವರಿಸುತ್ತದೆ. ಫ್ರೀಸಿಂಕ್ (ಮಾನಿಟರಿನ ವೇಗವನ್ನು ಆಗಾಗ ಬದಲಿಸುವ ಸೌಲಭ್ಯ) ಆಫ್ ಮಾಡಿ, ಬ್ರೌಸರ್‌ನಲ್ಲಿ ಟೆಸ್ಟ್‌ಯುಎಫ್‌ಓ ಜಾಲತಾಣದ ಫ್ರೇಮ್ ಸ್ಕಿಪ್ಪಿಂಗ್ ಪುಟವನ್ನು ಪೂರ್ತಿ ಪರದೆಗೆ ತೆರೆಯಿರಿ. ಫೋನ್ ಕ್ಯಾಮೆರಾದ ಪ್ರೊ ಮೋಡ್‌ನಲ್ಲಿ ಶಟರ್ 1/5 ಸೆಕೆಂಡಿಗೆ ಇಟ್ಟು, ಕೈ ಅಲುಗದಂತೆ ಒರಗಿಸಿ ಫೋಟೊ ತೆಗೆಯಿರಿ. ಬೆಳಗಿದ ಚೌಕಗಳು ಒಂದರ ಪಕ್ಕ ಒಂದು ಬಿಡುವಿಲ್ಲದೆ ಇದ್ದರೆ ಏರಿಕೆ ನಿಜ. ನಡುನಡುವೆ ಕಪ್ಪು ಚೌಕ ಕಂಡರೆ ಫ್ರೇಮ್ ಬೀಳುತ್ತಿದೆ. ಬರಿಗಣ್ಣಿನಿಂದ ಇದನ್ನು ಖಚಿತವಾಗಿ ಹಿಡಿಯಲಾಗದು, ಫೋಟೊ ಬೇಕೇ ಬೇಕು. ಪರೀಕ್ಷೆ ನಡೆಯುವಾಗ ಬ್ರೌಸರ್ ತಾನೇ ತಡವರಿಸಿದರೆ ಫಲಿತಾಂಶ ಹಾಳಾಗುತ್ತದೆ, ಹಾಗಾಗಿ ಉಳಿದ ಪ್ರೋಗ್ರಾಂಗಳನ್ನು ಮುಚ್ಚಿ, ಎರಡನೇ ಮಾನಿಟರ್ ಇದ್ದರೆ ಅದನ್ನೂ ತೆಗೆದುಬಿಡಿ.

ಬಣ್ಣವನ್ನೂ ನೋಡಬೇಕು. ವೇಗ ಹೆಚ್ಚಿದಷ್ಟೂ ಪ್ರತಿ ಪಿಕ್ಸೆಲ್ ಚಾರ್ಜ್ ಆಗಲು ಸಿಗುವ ಸಮಯ ಕಡಿಮೆ. ಅದು ಸಾಲದಿದ್ದರೆ ಬೂದು ಹಿನ್ನೆಲೆಯಲ್ಲಿ ಸಣ್ಣ ಗೆರೆಗಳು ಮೂಡುತ್ತವೆ, ಗಾಮಾ, ಅಂದರೆ ಕಪ್ಪಿನಿಂದ ಬಿಳಿಯವರೆಗಿನ ಬೆಳಕಿನ ಹಂತ, ಬದಲಾಗುತ್ತದೆ. ಕೆಂಪು ಅಕ್ಷರಗಳ ಅಂಚು ಮಸುಕಾದರೆ ಅದು ಪ್ಯಾನೆಲ್ ದೋಷವಲ್ಲ. ಡ್ರೈವರ್ ಬಣ್ಣದ ವಿವರ ಕಡಿಮೆ ಮಾಡುವ 4:2:2ಕ್ಕೆ ಇಳಿದಿದೆಯೇ ನೋಡಿ, ಆರ್‌ಜಿಬಿ ಫುಲ್‌ಗೆ ಮರಳಿಸಿ. ಪಿಕ್ಸೆಲ್ ಬೇಗ ಬದಲಾಗುವಂತೆ ಮಾಡುವ ಓವರ್‌ಡ್ರೈವ್ 60ಕ್ಕೆಂದು ಹೊಂದಿಸಿದ್ದಾದ್ದರಿಂದ ಚಲಿಸುವ ವಸ್ತುಗಳ ಹಿಂದೆ ನೆರಳು ಹೆಚ್ಚಿದರೆ ಮಾನಿಟರ್ ಮೆನುವಿನಲ್ಲಿ ಒಂದು ಹಂತ ಬದಲಾಯಿಸಿ ನೋಡಿ.

ತಣ್ಣಗಿದ್ದಾಗ ಸರಿಯಿದ್ದ ವೇಗ ಬಿಸಿಯಾದ ಮೇಲೆ ಕೈಕೊಡುವುದುಂಟು. ಒಂದೆರಡು ಗಂಟೆ ಓಡಿಸಿದ ನಂತರ ಫೋಟೊ ಪರೀಕ್ಷೆಯನ್ನು ಮತ್ತೆ ಮಾಡಿ. ಅಂಚಿನಲ್ಲಿದೆ ಅನ್ನಿಸಿದರೆ ಎರಡು ಹರ್ಟ್ಸ್ ಕೆಳಗೆ ನಿಲ್ಲಿಸಿ.