ಡ್ಯೂಕನಿಗೆ ಮನಸೋತ ಹುಡುಗಿಯ ದಿನಚರಿಯನ್ನು ಓದುವ ಕ್ರಮ

ಚಿತ್ರಕಲಾವಿದೆ ಮರೀ ಬಾಷ್ಕಿರ್ತ್ಸೆಫ್ ಫ್ರೆಂಚಿನಲ್ಲಿ ಬರೆದ ದಿನಚರಿಯನ್ನು ಓದಲು ಹೊರಡುವವರು ಮೊದಲು ಆಕೆಯ ವಯಸ್ಸನ್ನು ಸರಿಯಾಗಿ ಲೆಕ್ಕ ಹಾಕಿಕೊಳ್ಳಬೇಕು. ಇಂದಿನ ಉಕ್ರೇನಿನ ಪೋಲ್ಟಾವಾ ಸಮೀಪದ ಸಿರಿವಂತ ಮನೆತನದಲ್ಲಿ ಆಕೆ ಹುಟ್ಟಿದ್ದು 1858ರಲ್ಲಿ. ಆದರೆ ಆಕೆ ತೀರಿಕೊಂಡ ಮೂರು ವರ್ಷಗಳ ಬಳಿಕ, 1887ರಲ್ಲಿ ಅಚ್ಚಾದ ಆವೃತ್ತಿಯು ಹುಟ್ಟಿದ ವರ್ಷವನ್ನು 1860 ಎಂದು ತೋರಿಸಿ, 1873ರ ಆರಂಭದಲ್ಲಿ ಹದಿನಾಲ್ಕರವಳಾಗಿದ್ದ ಹುಡುಗಿಯನ್ನು ಹನ್ನೆರಡರವಳನ್ನಾಗಿ ಮಾಡಿತು. ಆ ಆವೃತ್ತಿ ಬಹಳಷ್ಟನ್ನು ಕೈಬಿಟ್ಟಿರುವುದರಿಂದ, ಹಸ್ತಪ್ರತಿಯನ್ನು ಆಧರಿಸಿದ ಈಚಿನ ಆವೃತ್ತಿ ಸಿಕ್ಕರೆ ಅದನ್ನೇ ಆರಿಸಿಕೊಳ್ಳುವುದು ಒಳಿತು.

1873ರ ಪುಟಗಳನ್ನು ನಿಧಾನವಾಗಿ ಓದಬೇಕು. ಫ್ರಾನ್ಸಿನ ನೀಸ್ ನಗರದಲ್ಲಿದ್ದ ಆಕೆ ಸ್ಕಾಟ್ಲೆಂಡಿನ ಹ್ಯಾಮಿಲ್ಟನ್ ಡ್ಯೂಕನಿಗೆ ಮನಸೋತಿದ್ದಳು. ಅವನಿಗೆ ಆಗ ಇಪ್ಪತ್ತೆಂಟರ ಆಸುಪಾಸು. ಪೆನ್ಸಿಲು ಹಿಡಿದು, ಆಕೆ ಕಣ್ಣಾರೆ ಕಂಡದ್ದಕ್ಕೆ ಒಂದು ಗುರುತು, ಬಯಸಿದ್ದಕ್ಕೆ ಇನ್ನೊಂದು ಗುರುತು ಹಾಕುತ್ತಾ ಹೋದರೆ, ಅವನ ಪರಿಚಯವಾಗಲೆಂದು ದೇವರಲ್ಲಿ ಮೊರೆಯಿಡುವ ಆ ಸಾಲುಗಳ ಮುಂದೆ ಕಂಡದ್ದು ಎಷ್ಟು ಕಡಿಮೆ ಎಂಬುದು ತಾನಾಗಿಯೇ ತಿಳಿಯುತ್ತದೆ.

ಅಕ್ಟೋಬರಿನ ಪುಟವೊಂದರಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು. ಡ್ಯೂಕನ ಮದುವೆ ಗೊತ್ತಾಗಿದೆ ಎಂಬ ಸುದ್ದಿಯನ್ನು ಪಾಠ ಹೇಳುವ ಇಂಗ್ಲಿಷ್ ಶಿಕ್ಷಕಿಯೇ ತಿಳಿಸುತ್ತಾಳೆ. ಕೆಂಪೇರಿದ ಮುಖ ಕಾಣದಿರಲೆಂದು ಹುಡುಗಿ ಪುಸ್ತಕವನ್ನು ಇನ್ನಷ್ಟು ಹತ್ತಿರಕ್ಕೆ ಹಿಡಿಯುತ್ತಾಳೆ. ಅಳುವುದಕ್ಕೂ ಎಡೆಯಿಲ್ಲದೆ ಪಾಠದ ನಡುವೆಯೇ ನುಂಗಿಕೊಂಡ ಈ ನೋವು, ಆ ವರ್ಷದ ಬರವಣಿಗೆಯಲ್ಲೆಲ್ಲ ನನಗೆ ಅತ್ಯಂತ ಸತ್ಯವಾಗಿ ಕಂಡ ಭಾಗ.

ಮುಂದೆ ತನ್ನ ಬರಹವನ್ನು ತಾನೇ ಓದಿಕೊಂಡ ಮರೀ, ಇದೆಲ್ಲವೂ ಬೀದಿಯಲ್ಲಿ ಹತ್ತು ಹನ್ನೆರಡು ಸಲ ಕಂಡ, ತಾನಿರುವುದನ್ನೇ ಅರಿಯದ ಒಬ್ಬನಿಗಾಗಿ ಎಂಬ ಅರ್ಥದ ಟಿಪ್ಪಣಿ ಸೇರಿಸಿದ್ದಾಳೆ. ಮೊದಲ ಓದಿನಲ್ಲಿ ಇಂಥ ಟಿಪ್ಪಣಿಗಳನ್ನು ಕಾಗದದ ಚೂರಿನಿಂದ ಮುಚ್ಚಿಡಬೇಕು; ಇಲ್ಲವಾದರೆ ಬೆಳೆದವಳ ತೀರ್ಪು ಹುಡುಗಿಯ ಮಾತನ್ನು ನುಂಗಿಬಿಡುತ್ತದೆ, ಓದುಗರೂ ಅವಳ ಪ್ರೀತಿಯನ್ನು ಹಗುರವಾಗಿ ಕಾಣತೊಡಗುತ್ತಾರೆ.

ಡ್ಯೂಕನ ಭಾಗ ಮುಗಿಯಿತೆಂದು ಪುಸ್ತಕವನ್ನು ಮುಚ್ಚಬಾರದು. 1877ರಲ್ಲಿ ಪ್ಯಾರಿಸ್ಸಿನ ಜೂಲಿಯಾನ್ ಅಕಾಡೆಮಿ ಎಂಬ ಕಲಾಶಾಲೆಗೆ ಸೇರಿದ ಮೇಲೆ ಅದೇ ಹಂಬಲ ಚಿತ್ರಕಲೆಯತ್ತ ತಿರುಗುತ್ತದೆ. 1884ರಲ್ಲಿ, ಕ್ಷಯದಿಂದ ಇಪ್ಪತ್ತೈದರಲ್ಲೇ ತೀರಿಕೊಂಡ ವರ್ಷ, ಆಕೆ ಪ್ರದರ್ಶಿಸಿದ ಚಿತ್ರದಲ್ಲಿ ಬೀದಿಯ ಮೂಲೆಯಲ್ಲಿ ಗುಂಪುಗೂಡಿದ ಬಡ ಹುಡುಗರಿದ್ದಾರೆ. ಅದು ಈಗ ಪ್ಯಾರಿಸ್ಸಿನ ಓರ್ಸೇ ವಸ್ತುಸಂಗ್ರಹಾಲಯದಲ್ಲಿದೆ. ಆ ಚಿತ್ರದ ಒಂದು ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು, ಬೀದಿಯಲ್ಲಿ ಡ್ಯೂಕನಿಗಾಗಿ ಕಣ್ಣು ಹಾಯಿಸುತ್ತಿದ್ದ ದಿನಗಳ ಪುಟಗಳನ್ನು ಮತ್ತೊಮ್ಮೆ ಓದಬೇಕು.