ತೊಳೆದ ಕೈಯ ಬ್ರೆಡ್ಡೇ ಮೊದಲು ಬೂಷ್ಟು ಹಿಡಿದರೆ?

ಶಾಲೆಗಳ ವಿಜ್ಞಾನ ಮೇಳದಲ್ಲಿ ಈ ಪ್ರಯೋಗವನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಮೂರು ಪ್ಲಾಸ್ಟಿಕ್ ಚೀಲ, ಮೂರು ಬ್ರೆಡ್ ತುಂಡು. ಒಂದು ಕೊಳೆ ಕೈಯಲ್ಲಿ ಮುಟ್ಟಿದ್ದು, ಒಂದು ಸೋಪಿನಲ್ಲಿ ತೊಳೆದು ಮುಟ್ಟಿದ್ದು, ಇನ್ನೊಂದು ಯಾರೂ ಮುಟ್ಟದ್ದು. ಒಂದು ಮೇಳದಲ್ಲಿ ಆರನೇ ತರಗತಿಯ ಹುಡುಗಿಯೊಬ್ಬಳು ಮುಖ ಸಣ್ಣದು ಮಾಡಿಕೊಂಡು ನಿಂತಿದ್ದಳು. ಸೋಪಿನಲ್ಲಿ ತೊಳೆದ ಕೈಯ ಬ್ರೆಡ್ಡೇ ಜಾಸ್ತಿ ಬೂಷ್ಟು ಹಿಡಿದಿತ್ತು. ‘ಚೀಟಿ ಬದಲಾಯಿಸಿ ಅಂಟಿಸಿಬಿಡು’ ಅಂತ ಯಾರೋ ದೊಡ್ಡವರು ಹೇಳಿಕೊಟ್ಟಿದ್ದರಂತೆ. ಅವಳು ಬದಲಾಯಿಸಿರಲಿಲ್ಲ.

“ಕೈ ಒರೆಸಿಕೊಂಡಿದ್ದೆಯಾ ಪುಟ್ಟಿ?” ಅಂತ ಕೇಳಿದೆ.

“ಇಲ್ಲ ಮಿಸ್, ತೊಳೆದ ತಕ್ಷಣ ಮುಟ್ಟಿದೆ.”

ತಪ್ಪು ಅಲ್ಲೇ ಇತ್ತು. ಬೂಷ್ಟಿಗೆ ತೇವ ಬೇಕು. ಒದ್ದೆ ಕೈ ಆ ತೇವವನ್ನು ಒಯ್ದು ಕೊಟ್ಟಿತ್ತು. ಅವಳ ಪ್ರಯೋಗ ಹೇಳಿದ್ದು ಕೊಳೆಯ ಕಥೆಯಲ್ಲ, ನೀರಿನ ಕಥೆ. ಹೀಗಾಗದಂತೆ ಮಾಡುವುದು ಹೇಗೆ ಅಂತ ಬರೆಯುತ್ತಿದ್ದೇನೆ.

ಬ್ರೆಡ್ಡಿನ ಪ್ರಯೋಗಕ್ಕೆ ಮೊದಲು ಅರಿಶಿನದ ಪ್ರಯೋಗ ಮಾಡಿ. ಇದಕ್ಕೆ ಒಂದು ಪೀರಿಯಡ್ ಸಾಕು. ಅರ್ಧ ಚಮಚ ಅರಿಶಿನವನ್ನು ಒಂದು ಚಮಚ ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಎರಡೂ ಕೈಗೆ ತೆಳ್ಳಗೆ ಹಚ್ಚಿಸಿ. ಬೆರಳ ಸಂದು, ಉಗುರಿನ ಬುಡ, ಕೈಯ ಹಿಂಭಾಗ ಯಾವುದೂ ಬಿಡಬೇಡಿ. ಜಾಸ್ತಿಯಾದದ್ದನ್ನು ಹಳೇ ಪೇಪರಿಗೆ ಒರೆಸಲಿ. ಈಗ ಕಣ್ಣು ಮುಚ್ಚಿಕೊಂಡು, ದಿನವೂ ತೊಳೆಯುವ ಹಾಗೇ ಸೋಪು ಹಾಕಿ ಉಜ್ಜಲಿ. ಕಣ್ಣು ಬಿಟ್ಟರೆ ಮಕ್ಕಳು ಹಳದಿ ಕಂಡಲ್ಲೆಲ್ಲ ಉಜ್ಜುತ್ತಾರೆ. ಆಗ ಅವರು ನಿತ್ಯ ಎಲ್ಲಿ ಬಿಡುತ್ತಾರೆ ಅನ್ನುವುದು ಗೊತ್ತಾಗುವುದಿಲ್ಲ.

ನೀರು ಹಾಕುವ ಮೊದಲು ನಿಲ್ಲಿಸಿ, ಕಣ್ಣು ತೆರೆಸಿ. ಸೋಪು ತಾಗಿದ ಕಡೆ ಅರಿಶಿನ ಕೆಂಪು ತಿರುಗಿರುತ್ತದೆ. ಅರಿಶಿನದ ನೀರಿಗೆ ಸುಣ್ಣ ಹಾಕಿದರೆ ಆರತಿಯ ಕೆಂಪು ನೀರಾಗುತ್ತದಲ್ಲ, ಅದೇ ಸಂಗತಿ ಇದು. ಸೋಪು ಕೂಡ ಸುಣ್ಣದ ಹಾಗೆ ಪ್ರತ್ಯಾಮ್ಲ. ಹಳದಿಯಾಗೇ ಉಳಿದ ಜಾಗಕ್ಕೆ ಸೋಪು ಹೋಗೇ ಇಲ್ಲ. ಹೆಬ್ಬೆರಳು, ಬೆರಳ ತುದಿ, ಬೆರಳ ಸಂದು ಹೀಗೆ ಉಳಿಯುವುದೇ ಹೆಚ್ಚು. ಕಾಗದದ ಮೇಲೆ ತಮ್ಮ ಕೈ ಇಟ್ಟು ಗೆರೆ ಎಳೆದು, ಹಳದಿ ಉಳಿದ ಕಡೆ ಬಣ್ಣ ತುಂಬಲಿ. ಆಮೇಲೆ ತೊಳೆದುಕೊಳ್ಳಲಿ. ಸ್ವಲ್ಪ ಹಳದಿ ಮನೆಗೂ ಹೋಗುತ್ತದೆ, ಅಮ್ಮಂದಿರಿಗೆ ಮೊದಲೇ ಹೇಳಿ ಕಳಿಸಿ.

ಇದಕ್ಕೆ ಸ್ನಾನದ ಬಿಲ್ಲೆ ಸೋಪೇ ಆಗಬೇಕು. ಬಟ್ಟೆ ಸೋಪು ಬೇಡ, ಚರ್ಮ ಉರಿಯುತ್ತದೆ. ಲಿಕ್ವಿಡ್ ಹ್ಯಾಂಡ್‌ವಾಶ್‌ಗಳಲ್ಲಿ ಹಲವು ಪ್ರತ್ಯಾಮ್ಲವೇ ಅಲ್ಲ. ಅವು ಕೈ ತೊಳೆಯುತ್ತವೆ, ಆದರೆ ಅರಿಶಿನ ಕೆಂಪಾಗುವುದಿಲ್ಲ. ‘ಕ್ರಿಮಿನಾಶಕ’ ಅಂತ ಬರೆದ ದುಬಾರಿ ಸೋಪಿಗೆ ಶಾಲೆಯ ದುಡ್ಡು ಹಾಕಬೇಡಿ. ಟ್ರೈಕ್ಲೋಸಾನ್ ಎಂಬ ಕ್ರಿಮಿನಾಶಕ ಹಾಕಿದ ಕೈ ತೊಳೆಯುವ ಸೋಪುಗಳು ಸಾದಾ ಸೋಪಿಗಿಂತ ಮೇಲು ಅನ್ನುವುದಕ್ಕೆ ಪುರಾವೆ ಸಿಕ್ಕಿಲ್ಲ ಅಂತ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ 2016ರಲ್ಲೇ ಅವುಗಳ ಮಾರಾಟ ನಿಲ್ಲಿಸಲು ಹೇಳಿತು.

ಕಾಳುಮೆಣಸಿನ ಆಟವನ್ನು ಮಾತ್ರ ದಯವಿಟ್ಟು ಕೈಬಿಡಿ. ತಟ್ಟೆಯ ನೀರಿನ ಮೇಲೆ ಮೆಣಸಿನ ಪುಡಿ ಉದುರಿಸಿ ಸೋಪಿನ ಬೆರಳು ಅದ್ದಿದರೆ ಪುಡಿ ಅಂಚಿಗೆ ಓಡುತ್ತದೆ. ನೋಡಲು ಚೆಂದ. ಆದರೆ ಪುಡಿಯನ್ನು ಓಡಿಸುವುದು ನೀರಿನ ಮೇಲ್ಮೈ ಎಳೆತದ ವ್ಯತ್ಯಾಸ. ಮಗು ಕಲಿಯುವುದು ‘ಸೋಪು ಕಂಡರೆ ಕ್ರಿಮಿ ಓಡುತ್ತದೆ’ ಅಂತ. ಹಾಗಾದರೆ ಉಜ್ಜುವುದು ಯಾಕೆ, ಅಲ್ವಾ? ಸೋಪಿನ ಕಣದ ಒಂದು ತುದಿ ಜಿಡ್ಡನ್ನು ಹಿಡಿಯುತ್ತದೆ, ಇನ್ನೊಂದು ತುದಿ ನೀರನ್ನು ಹಿಡಿಯುತ್ತದೆ. ಉಜ್ಜಿ ಎಬ್ಬಿಸಿ, ನೀರಿನಲ್ಲಿ ಕೊಚ್ಚಿಸಿದರೆ ಮಾತ್ರ ಕೊಳೆ ಹೋಗುವುದು.

ಇನ್ನು ಬ್ರೆಡ್. ಊರಿನ ಬೇಕರಿಯಲ್ಲಿ ಅವತ್ತೇ ಮಾಡಿದ ಬ್ರೆಡ್ ತನ್ನಿ. ಪ್ಯಾಕೆಟ್ ಬ್ರೆಡ್ಡಿನ ಹಿಂದೆ ಸಣ್ಣ ಅಕ್ಷರದಲ್ಲಿ 282 ಅಂತ ಇದ್ದರೆ ಅದು ಕ್ಯಾಲ್ಸಿಯಂ ಪ್ರೊಪಿಯೊನೇಟ್, ಬೂಷ್ಟು ಬರದಂತೆ ಹಾಕುವ ವಸ್ತು. ಅಂಥ ಬ್ರೆಡ್ ಮುಂದಿಟ್ಟುಕೊಂಡು ಕೂತರೆ ಮಕ್ಕಳಿಗೆ ಬೇಜಾರು ಹಿಡಿಯುತ್ತದೆ. ಒಂದೇ ಪೌಂಡಿನ ನಡುವಿನ ಹೋಳುಗಳನ್ನೇ ಬಳಸಿ. 12 ಜಿಪ್ ಚೀಲ, ಕುದಿಯುವ ನೀರಿನಲ್ಲಿ ಅದ್ದಿ ಒಣಗಿಸಿದ ಇಕ್ಕಳ, ಕುದಿಸಿ ಆರಿಸಿದ ನೀರು, ಒಂದು ಡ್ರಾಪರ್. ಇಷ್ಟು ಸಾಕು.

ಮೂರು ಹೋಳು ಯಾರೂ ಮುಟ್ಟದ್ದು, ಇಕ್ಕಳದಲ್ಲಿ ಎತ್ತಿ ಚೀಲಕ್ಕೆ ಹಾಕಿ. ಉಳಿದ ಒಂಬತ್ತಕ್ಕೆ ಒಂಬತ್ತು ಮಕ್ಕಳು. ಎಲ್ಲರೂ ಒಟ್ಟಿಗೆ ಖೋ ಖೋ ಆಡಿ ಬಂದವರಾಗಿರಲಿ. ಮೂವರು ಕೈ ತೊಳೆಯುವುದಿಲ್ಲ. ಮೂವರು ಬರೀ ನೀರಿನಲ್ಲಿ, ಮೂವರು ಸೋಪಿನಲ್ಲಿ ತೊಳೆಯುತ್ತಾರೆ. ತೊಳೆಯುವವರೆಲ್ಲ 20 ಎಣಿಸುವವರೆಗೆ ಉಜ್ಜಲಿ. ಒಬ್ಬನೇ ಹುಡುಗನ ಕೈಯಲ್ಲಿ ಮೂರೂ ಮಾಡಿಸಬೇಡಿ. ನೀರಿನಲ್ಲಿ ತೊಳೆದ ಕೈಯನ್ನೇ ಮತ್ತೆ ಸೋಪಿನಲ್ಲಿ ತೊಳೆದರೆ ಎರಡು ಸಲ ತೊಳೆದ ಹಾಗಾಯಿತು.

ಈಗ ಕೈ ಒಣಗಿಸುವುದು. ಮುಕ್ಕಾಲು ಪ್ರಯೋಗ ಕೆಡುವುದು ಇಲ್ಲೇ. ಮಗು ತನಗೇ ಗೊತ್ತಿಲ್ಲದೆ ಯೂನಿಫಾರ್ಮಿಗೆ ಕೈ ಒರೆಸುತ್ತದೆ. ಇಲ್ಲವಾದರೆ ಸ್ಟಾಫ್ ರೂಮಿನ ಟವೆಲ್ ಸಿಗುತ್ತದೆ, ಅದು ಎಷ್ಟು ಕೈ ಒರೆಸಿದೆಯೋ. ತೊಳೆದದ್ದೆಲ್ಲ ವ್ಯರ್ಥ. ನಾನು ಮಾಡಿಸುವುದು ಹೀಗೆ: ಆರು ಮಕ್ಕಳೂ ಮೊಣಕೈ ಮಡಿಸಿ, ಬೆರಳು ಅಗಲಿಸಿ, ಕೈ ಮೇಲೆ ಹಿಡಿದು ನಿಲ್ಲಬೇಕು. ನಲ್ಲಿ ಮುಟ್ಟಬಾರದು, ಅದನ್ನು ಬೇರೆಯವರು ನಿಲ್ಲಿಸುತ್ತಾರೆ. ಮೂಗು, ತಲೆ, ಪಕ್ಕದವನ ಭುಜ ಯಾವುದೂ ಇಲ್ಲ. ಫ್ಯಾನ್ ಹಾಕಬೇಡಿ, ಧೂಳು ಎರಚುತ್ತದೆ. ಪೂರ್ತಿ ಒಣಗಲು ನಾಲ್ಕೈದು ನಿಮಿಷ ಬೇಕು. ಅಂಗೈ ಒಣಗಿದರೂ ಬೆರಳ ಸಂದಿನಲ್ಲಿ ನೀರು ಹೊಳೆಯುತ್ತಿರುತ್ತದೆ, ಹತ್ತಿರ ಹೋಗಿ ನೋಡಿ.

ಆ ನಾಲ್ಕೈದು ನಿಮಿಷ ಮಕ್ಕಳು ಸುಮ್ನೆ ನಿಲ್ಲುವುದಿಲ್ಲ. ಆಗ ನಾನು ವಿಯೆನ್ನಾದ ಕಥೆ ಹೇಳುತ್ತೇನೆ. ಅಲ್ಲಿನ ದೊಡ್ಡಾಸ್ಪತ್ರೆಯಲ್ಲಿ ಎರಡು ಹೆರಿಗೆ ವಾರ್ಡು. ಒಂದರಲ್ಲಿ ಡಾಕ್ಟರುಗಳು, ಇನ್ನೊಂದರಲ್ಲಿ ಸೂಲಗಿತ್ತಿಯರು. ಡಾಕ್ಟರುಗಳ ವಾರ್ಡಿನಲ್ಲೇ ಬಾಣಂತಿಯರು ಜಾಸ್ತಿ ಸಾಯುತ್ತಿದ್ದರು. ಎರಡನ್ನೂ ಹೋಲಿಸಿ ನೋಡಿದ ಸೆಮ್ಮೆಲ್ವೈಸ್ ಎಂಬ ಡಾಕ್ಟರ್, ಹೆಣ ಕೊಯ್ದ ಕೈಯಲ್ಲೇ ಹೆರಿಗೆಗೆ ಬರುವುದು ಕಾರಣ ಅಂತ ಕಂಡುಕೊಂಡ. 1847ರ ಮೇ ತಿಂಗಳಲ್ಲಿ ಎಲ್ಲರೂ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯಬೇಕು ಅಂತ ಮಾಡಿದ. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್‌ನಲ್ಲಿ 2ರ ಆಸುಪಾಸಿಗೆ ಇಳಿಯಿತು. ಎರಡು ವಾರ್ಡು ಇದ್ದದ್ದರಿಂದಲೇ ಅವನಿಗೆ ಹೋಲಿಸಲು ಸಾಧ್ಯವಾಯಿತು. ನಮ್ಮ ಚೀಲಗಳೂ ಅದಕ್ಕೇ ಅಂದರೆ ಮಕ್ಕಳಿಗೆ ಥಟ್ಟನೆ ಅರ್ಥವಾಗುತ್ತದೆ.

ಕೈ ಒಣಗಿತಾ? ಒಂಬತ್ತು ಮಕ್ಕಳೂ ಹೋಳಿನ ಒಂದೇ ಮಗ್ಗುಲಿಗೆ ಅಂಗೈ, ಬೆರಳು ಒತ್ತಿ ಐದು ಎಣಿಸಲಿ. ಪ್ರತಿ ಹೋಳಿಗೆ ಐದೇ ಹನಿ ನೀರು, ಮುಟ್ಟದ ಹೋಳುಗಳಿಗೂ. ಚೀಲ ಮುಚ್ಚಿ, 1ರಿಂದ 12ರವರೆಗೆ ನಂಬರ್ ಮಾತ್ರ ಬರೆಯಿರಿ. ಯಾವ ನಂಬರ್ ಯಾವ ಕೈ ಅನ್ನುವ ಪಟ್ಟಿ ಹೆಡ್‌ಮಾಸ್ಟರ ಬೀರುವಿನಲ್ಲಿರಲಿ. ಗೊತ್ತಿದ್ದರೆ ಕೊಳೆ ಕೈಯ ಬ್ರೆಡ್ಡಿನಲ್ಲಿ ಇಲ್ಲದ ಬೂಷ್ಟೂ ಕಾಣುತ್ತದೆ.

ರಟ್ಟಿನ ಡಬ್ಬದಲ್ಲಿಟ್ಟು ದಿನವೂ ಒಂದೇ ಹೊತ್ತಿಗೆ ನೋಡಿ. ಚೌಕುಳಿ ಎಳೆದ ಪ್ಲಾಸ್ಟಿಕ್ ಹಾಳೆಯನ್ನು ಚೀಲದ ಮೇಲಿಟ್ಟು, ಎಷ್ಟು ಚೌಕದಲ್ಲಿ ಬೂಷ್ಟು ಬಂತು ಅಂತ ಎಣಿಸಿ. ಚೀಲ ಯಾವತ್ತೂ ತೆರೆಯಬಾರದು, ದಮ್ಮು ಇರುವ ಮಕ್ಕಳಿಗೆ ಬೂಷ್ಟಿನ ಪುಡಿ ಆಗುವುದಿಲ್ಲ. ಎಣಿಕೆ ಮುಗಿದ ಮೇಲೆ ಹಾಗೇ ಇನ್ನೊಂದು ಕವರಿಗೆ ಹಾಕಿ, ಗಂಟು ಕಟ್ಟಿ ಕಸದ ಗಾಡಿಗೆ ಕೊಡಿ.

ಒಂದು ಮಾತು ಮಕ್ಕಳಿಗೆ ಹೇಳಲೇಬೇಕು. ಬ್ರೆಡ್ಡಿನ ಮೇಲೆ ಕಾಣುವುದು ಬೂಷ್ಟು, ಭೇದಿ ತರುವ ಬ್ಯಾಕ್ಟೀರಿಯಾ ಅಲ್ಲ. ಅವು ಈ ಬ್ರೆಡ್ಡಿನಲ್ಲಿದ್ದರೂ ಕಣ್ಣಿಗೆ ಬೀಳುವುದಿಲ್ಲ. ಕೈ ಏನನ್ನೋ ಹೊತ್ತು ತರುತ್ತದೆ ಅನ್ನುವುದಷ್ಟೇ ಇಲ್ಲಿ ಕಾಣುವುದು. ಮುಟ್ಟದ ಹೋಳೇ ಮೊದಲು ಬೂಷ್ಟು ಹಿಡಿದರೆ, ಅದು ಬೇಕರಿಯ ಚಾಕುವಿನಿಂದಲೋ ಗಾಳಿಯಿಂದಲೋ ಬಂದಿರಬಹುದು. ಎಣಿಕೆಯನ್ನು ಇದ್ದ ಹಾಗೇ ಬರೆದಿಡಿ, ಇನ್ನೊಂದು ಪೌಂಡ್ ತಂದು ಮತ್ತೆ ಮಾಡಿ.

ಮಲೆನಾಡಿನವರು ಮಳೆಗಾಲದಲ್ಲಿ ಇದಕ್ಕೆ ಕೈ ಹಾಕಬೇಡಿ, ಆಗ ಹನ್ನೆರಡೂ ಚೀಲ ಒಟ್ಟಿಗೇ ಬೂಷ್ಟು ಹಿಡಿಯುತ್ತವೆ. ಅಕ್ಟೋಬರ್ 15ರ ಜಾಗತಿಕ ಕೈ ತೊಳೆಯುವ ದಿನಕ್ಕೆ ಮಾಡೋಣವೆಂದರೆ ದಸರಾ ರಜೆ ಅಡ್ಡ ಬರಬಹುದು. ಫೆಬ್ರವರಿ 28ರ ವಿಜ್ಞಾನ ದಿನ ನನಗೆ ಇಷ್ಟ. ಅವತ್ತಿಗೆ ಚೀಲಗಳು ತಯಾರಿರಬೇಕಾದರೆ 20ನೇ ತಾರೀಕಿಗೇ ಬ್ರೆಡ್ ತನ್ನಿ.