ನಕ್ಷತ್ರ ಹಿಡಿಯಲು 200 ಮೆಗಾಪಿಕ್ಸೆಲ್ ಬೇಡ, 12 ಸಾಕು

ಹೊಸ ಫೋನಿನ ಡಬ್ಬದ ಮೇಲೆ 50, 108, 200 ಮೆಗಾಪಿಕ್ಸೆಲ್ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ರಾತ್ರಿ ಆಕಾಶದ ಫೋಟೊಗೆ ಆ ಅಂಕಿಯಿಂದ ಲಾಭವಿಲ್ಲ, ಎಷ್ಟೋ ಸಲ ತೊಂದರೆಯೇ ಹೆಚ್ಚು. ಅದೇ ಸೆನ್ಸರನ್ನು (ಬೆಳಕನ್ನು ಚಿತ್ರವಾಗಿಸುವ ಚಿಪ್) 12 ಮೆಗಾಪಿಕ್ಸೆಲ್‌ಗೆ ಇಳಿಸಿ, ಫೋನನ್ನು ಅಲುಗದಂತೆ ನಿಲ್ಲಿಸಿ, ಒಂದೇ ಕಡೆಗೆ 60 ಫೋಟೊ ತೆಗೆದು ಕಂಪ್ಯೂಟರಿನಲ್ಲಿ ಕೂಡಿಸಿ. ಆಕಾಶಗಂಗೆಯ ನಡುವಿನ ಕಪ್ಪು ಧೂಳಿನ ಪಟ್ಟಿಗಳೂ ಕಾಣಿಸುತ್ತವೆ.

200 ಮೆಗಾಪಿಕ್ಸೆಲ್ ಸೆನ್ಸರಿನಲ್ಲಿ ಒಂದು ಪಿಕ್ಸೆಲ್ಲಿನ ಅಗಲ ಸುಮಾರು 0.6 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿ.ಮೀ.ನ ಸಾವಿರದಲ್ಲೊಂದು ಭಾಗ). ಬೆಳಕು ಸಣ್ಣ ಕಿಂಡಿಯಲ್ಲಿ ಹಾಯುವಾಗ ಹರಡಿಕೊಳ್ಳುವುದರಿಂದ, ಎಫ್/1.8 (ಇದು ಕಿಂಡಿಯ ಅಳತೆ) ಲೆನ್ಸಿನಲ್ಲಿ ನಕ್ಷತ್ರ ಮೂಡುವುದೇ ಸುಮಾರು 2.4 ಮೈಕ್ರಾನ್ ಅಗಲದ ಚುಕ್ಕೆಯಾಗಿ. ಲೆನ್ಸ್ ಎಷ್ಟೇ ಚೆನ್ನಾಗಿದ್ದರೂ ಅದಕ್ಕಿಂತ ಚಿಕ್ಕದಾಗದು. ಹೀಗೆ ಒಂದು ನಕ್ಷತ್ರದ ಚೂರು ಬೆಳಕು 16 ಪಿಕ್ಸೆಲ್‌ಗಳಿಗೆ ಹಂಚಿಹೋಗುತ್ತದೆ, ಪ್ರತಿ ಪಿಕ್ಸೆಲ್ಲೂ ತನ್ನ ಪಾಲಿನ ನಾಯ್ಸ್, ಅಂದರೆ ಚಿತ್ರ ಕೆಡಿಸುವ ಕಾಳುಕಾಳು ಕಲೆ, ಸೇರಿಸುತ್ತದೆ. 12 ಮೆಗಾಪಿಕ್ಸೆಲ್ ಮೋಡಿನಲ್ಲಿ ಆ ಹದಿನಾರೂ ಸೇರಿ ನಕ್ಷತ್ರದ ಚುಕ್ಕೆಯಷ್ಟೇ ದೊಡ್ಡ ಒಂದು ಪಿಕ್ಸೆಲ್ ಆಗುತ್ತದೆ. 108ರ ಸೆನ್ಸರಿನಲ್ಲಿ ಒಂಬತ್ತು, 50ರದ್ದರಲ್ಲಿ ನಾಲ್ಕು ಹೀಗೆ ಸೇರುತ್ತವೆ. ಇನ್ನೊಂದು ಸಂಗತಿಯೂ ಇದೆ: ಈ ಸೆನ್ಸರುಗಳಲ್ಲಿ ಅಕ್ಕಪಕ್ಕದ ಪಿಕ್ಸೆಲ್ ಗುಂಪಿಗೆಲ್ಲ ಒಂದೇ ಬಣ್ಣದ ಫಿಲ್ಟರು. ಪೂರ್ಣ ರೆಸಲ್ಯೂಷನ್ನಿನಲ್ಲಿ ಉಳಿದ ಬಣ್ಣಗಳನ್ನು ಸಾಫ್ಟ್‌ವೇರ್ ಊಹಿಸಿ ತುಂಬುತ್ತದೆ. ಕತ್ತಲಲ್ಲಿ ಊಹೆ ತಪ್ಪಿ, ಇಲ್ಲದ ಕಡೆ ಹಸಿರು, ನೇರಳೆ ಚುಕ್ಕೆಗಳು ಹುಟ್ಟಿಕೊಳ್ಳುತ್ತವೆ.

ಜಾಗ ಮತ್ತು ಕಾಲ

ಬೆಂಗಳೂರಿಗರು ಮೊದಲು ನೆನೆಯುವುದು ನಂದಿ ಬೆಟ್ಟವನ್ನು. ಆಕಾಶಗಂಗೆಯ ಮಟ್ಟಿಗೆ ಅದು ತಪ್ಪು ದಿಕ್ಕು. ಆಕಾಶಗಂಗೆಯ ಕೇಂದ್ರವಿರುವುದು ಧನು ರಾಶಿಯಲ್ಲಿ. ನಮ್ಮ ಅಕ್ಷಾಂಶ 13 ಡಿಗ್ರಿ ಉತ್ತರವಾದ್ದರಿಂದ ಅದು ದಕ್ಷಿಣದಲ್ಲಿ ಹೆಚ್ಚೆಂದರೆ 48 ಡಿಗ್ರಿ ಮೇಲೇರುತ್ತದೆ. ನಂದಿಯಿಂದ ದಕ್ಷಿಣಕ್ಕೆ ತಿರುಗಿದರೆ ಎದುರಿಗೆ ಇಡೀ ಬೆಂಗಳೂರಿನ ಬೆಳಕು. ನಗರ ಬೆನ್ನ ಹಿಂದಿರಬೇಕು. ಕನಕಪುರ ದಾಟಿ ಸಾತನೂರು, ಕೊಳ್ಳೇಗಾಲದ ಕಡೆ ಹೋದಷ್ಟೂ ದಕ್ಷಿಣ ಕಪ್ಪಾಗುತ್ತದೆ. ಅದು ಆನೆ ಓಡಾಡುವ ಸೀಮೆ. ಕಾಡಂಚಿನಲ್ಲಿ ಗಾಡಿ ನಿಲ್ಲಿಸಿ ಇಳಿಯಬೇಡಿ, ಪರಿಚಯದವರ ತೋಟದಲ್ಲಿ ಅನುಮತಿ ಕೇಳಿ ನಿಲ್ಲಿ.

ಕೇಂದ್ರಭಾಗ ಸಂಜೆ ಹೊತ್ತಿಗೆ ಕಾಣುವ ತಿಂಗಳುಗಳಲ್ಲಿ ನಮಗೆ ಮಳೆಗಾಲ. ಹಾಗಾಗಿ ಫೆಬ್ರುವರಿಯಿಂದ ಏಪ್ರಿಲ್‌ವರೆಗಿನ ನಸುಕೇ ಗತಿ: ಮಾರ್ಚ್ ಮಧ್ಯದಲ್ಲಿ ನಾಲ್ಕೂವರೆಗೆ, ಏಪ್ರಿಲ್ ಮಧ್ಯದಲ್ಲಿ ಮೂರಕ್ಕೇ ಅದು ಸಾಕಷ್ಟು ಮೇಲಿರುತ್ತದೆ. ಪಂಚಾಂಗ ನೋಡಿ ಅಮಾವಾಸ್ಯೆಯ ಆಚೀಚೆ ನಾಲ್ಕು ದಿನದೊಳಗೆ ಹೊರಡಿ.

ಊರು ಬಿಟ್ಟು ಹೋಗಲಾಗದವರು ಜನವರಿಯ ರಾತ್ರಿ ಒಂಬತ್ತು, ಹತ್ತಕ್ಕೆ ತಾರಸಿ ಹತ್ತಲಿ. ಮಹಾವ್ಯಾಧ (ಓರಿಯನ್ ನಕ್ಷತ್ರಪುಂಜ) ನೆತ್ತಿಗೆ ಹತ್ತಿರ ಬಂದಿರುತ್ತಾನೆ, ಹೊಗೆ ಧೂಳಿನ ಪದರ ಅಲ್ಲಿ ತೀರಾ ತೆಳು. ಆರ್ದ್ರಾ, ಲುಬ್ಧಕ, ರೋಹಿಣಿ, ಕೃತ್ತಿಕೆಯ ಗುಂಪು ಜಯನಗರದ ಮನೆಯಿಂದಲೂ ಸಿಗುತ್ತವೆ.

ನಿಲ್ಲಿಸುವುದು

ಟ್ರೈಪಾಡಿನ ನಡುಗಂಬ ಎತ್ತಬೇಡಿ, ಅದರ ಕೆಳಗೆ ಒಂದೆರಡು ಕೆ.ಜಿ. ತೂಕದ ಚೀಲ ನೇತುಹಾಕಿ. ಫೋನಿನ ಕವರ್ ತೆಗೆದರೆ ಕ್ಲ್ಯಾಂಪಿನ ಹಿಡಿತ ಬಿಗಿಯಾಗುತ್ತದೆ, ಬಿಸಿಯೂ ಬೇಗ ಆರುತ್ತದೆ. ಸೆನ್ಸರ್ ಬಿಸಿಯಾದಷ್ಟೂ ನಾಯ್ಸ್ ಹೆಚ್ಚು. ಏರೋಪ್ಲೇನ್ ಮೋಡ್ ಹಾಕಿ. ಎಕ್ಸ್‌ಪೋಷರ್ ನಡುವೆ ಕರೆ ಬಂದು ಫೋನು ನಡುಗಿದರೆ ಆ ಫ್ರೇಮ್ ಹೋದಂತೆ. ತಾರಸಿಯಲ್ಲಿ ನೀರಿನ ಟ್ಯಾಂಕಿನ ಮರೆಯಲ್ಲಿ ನಿಂತರೆ ಬೀದಿದೀಪ ಲೆನ್ಸಿಗೆ ಬೀಳದು, ಆದರೆ ಮೋಟಾರ್ ಓಡುವಾಗ ಇಡೀ ಕಾಂಕ್ರೀಟು ಅದುರುತ್ತದೆ. ಟ್ಯಾಂಕ್ ತುಂಬುವವರೆಗೆ ಕಾಯಿರಿ. ಲೆನ್ಸನ್ನು ಒಣ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ. ಬೆರಳಿನ ಜಿಡ್ಡಿದ್ದರೆ ಪ್ರತಿ ನಕ್ಷತ್ರದಿಂದಲೂ ಒಂದೇ ದಿಕ್ಕಿಗೆ ಗೆರೆ ಹೊರಡುತ್ತದೆ.

ಪ್ರೊ ಮೋಡಿನ ಅಂಕಿಗಳು

ಕ್ಯಾಮೆರಾ ಆ್ಯಪ್‌ನಲ್ಲಿ ಎಲ್ಲವನ್ನೂ ಕೈಯಾರೆ ಹೊಂದಿಸುವ ಮೋಡ್ ಇದು. ಮುಖ್ಯ ಕ್ಯಾಮೆರಾ, ಅಂದರೆ 1 ಪಟ್ಟು, ಅದೊಂದನ್ನೇ ಬಳಸಿ. ಕತ್ತಲಲ್ಲಿ ಎಷ್ಟೋ ಫೋನುಗಳು ದೂರದ್ದನ್ನು ಹತ್ತಿರ ತೋರಿಸುವ ಟೆಲಿ ಲೆನ್ಸನ್ನು ಸುಮ್ಮನೆ ಬದಿಗಿಟ್ಟು, ಮುಖ್ಯ ಕ್ಯಾಮೆರಾದ ಚಿತ್ರವನ್ನೇ ಕತ್ತರಿಸಿ ದೊಡ್ಡದು ಮಾಡುತ್ತವೆ. ಒಂದೊಂದೇ ಲೆನ್ಸಿಗೆ ಬೆರಳು ಮುಚ್ಚಿ ನೋಡಿದರೆ ಯಾವುದು ಕೆಲಸ ಮಾಡುತ್ತಿದೆ ಎಂದು ತಿಳಿಯುತ್ತದೆ.

ರಾ ಫೈಲ್ (ಫೋನು ತಿದ್ದದ ಮೂಲ ಚಿತ್ರ) ಉಳಿಸುವಂತೆ ಇಡಿ. ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಿಕೆ) 4000 ಕೆಲ್ವಿನ್, ಟೈಮರ್ 2 ಸೆಕೆಂಡ್. ಕತ್ತಲ ಜಾಗದಲ್ಲಿ ಐಎಸ್‌ಒ (ಬೆಳಕಿಗೆ ಸೂಕ್ಷ್ಮತೆ) 1600, ಶಟರ್ (ಬೆಳಕು ಬೀಳುವ ಅವಧಿ) 12 ಸೆಕೆಂಡ್. ನಗರದಲ್ಲಿ ಐಎಸ್‌ಒ 400, ಶಟರ್ 4ರಿಂದ 5 ಸೆಕೆಂಡ್. ನಗರದಲ್ಲೂ 12 ಸೆಕೆಂಡ್ ತೆರೆದರೆ ಆಕಾಶವೇ ಬೆಳ್ಳಗಾಗಿ ನಕ್ಷತ್ರ ಅದರಲ್ಲಿ ಮುಳುಗುತ್ತದೆ. ಹಿಸ್ಟೋಗ್ರಾಮಿನ (ಚಿತ್ರದ ಕತ್ತಲು, ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಗುಡ್ಡ ಎಡಗಡೆಯಿಂದ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ನಿಂತರೆ ಸರಿ.

12 ಸೆಕೆಂಡಿನ ಲೆಕ್ಕ ಹೀಗೆ. ಆಕಾಶ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಫಿಲ್ಮ್ ಕ್ಯಾಮೆರಾದ 24 ಮಿ.ಮೀ. ಲೆನ್ಸಿಗೆ ಸಮನಾದ ಮುಖ್ಯ ಲೆನ್ಸಿನಲ್ಲಿ, 12 ಮೆಗಾಪಿಕ್ಸೆಲ್ ಚಿತ್ರದ ಮೇಲೆ ನಕ್ಷತ್ರ ಒಂದು ಪಿಕ್ಸೆಲ್ ಸರಿಯಲು ಸುಮಾರು 5 ಸೆಕೆಂಡ್ ಬೇಕು. 12 ಸೆಕೆಂಡಿಗೆ ಎರಡು ಪಿಕ್ಸೆಲ್ ಚಿಲ್ಲರೆ, ಕಣ್ಣಿಗೆ ಚುಕ್ಕೆಯೇ. 30 ಸೆಕೆಂಡ್ ತೆರೆದರೆ ಆರು ಪಿಕ್ಸೆಲ್ ಉದ್ದದ ಗೆರೆ. 200 ಮೆಗಾಪಿಕ್ಸೆಲ್‌ನಲ್ಲಿ ಒಂದೂಕಾಲು ಸೆಕೆಂಡಿಗೇ ಒಂದು ಪಿಕ್ಸೆಲ್ ಸರಿದಿರುತ್ತದೆ.

ಹೆಚ್ಚಿನವರ ಫೋಟೊ ಕೆಡುವುದು ಫೋಕಸಿನಲ್ಲಿ. ಮ್ಯಾನುವಲ್ ಫೋಕಸಿನ ಸ್ಲೈಡರನ್ನು ಬೆಟ್ಟದ ಗುರುತಿನ ತುದಿಗೆ ಎಳೆದರೆ ಸಾಕೆಂದುಕೊಳ್ಳುತ್ತಾರೆ. ಅನೇಕ ಫೋನುಗಳಲ್ಲಿ ಆ ತುದಿ ಅನಂತ ದೂರವನ್ನೂ ಕೊಂಚ ಮೀರಿರುತ್ತದೆ. ಲುಬ್ಧಕನನ್ನೋ ಗುರು ಗ್ರಹವನ್ನೋ ನಡುವೆ ಇಟ್ಟು, ತುದಿಯಿಂದ ಕೂದಲೆಳೆಯಷ್ಟು ಹಿಂದಕ್ಕೆ ಎಳೆಯುತ್ತ ಪ್ರತಿ ಸ್ಥಾನಕ್ಕೊಂದು 4 ಸೆಕೆಂಡಿನ ಫೋಟೊ ತೆಗೆಯಿರಿ. ಹಿಗ್ಗಿಸಿ ನೋಡಿ. ಚುಕ್ಕೆ ಅತಿ ಚಿಕ್ಕದಾದ ಸ್ಥಾನವೇ ನಿಮ್ಮದು. ಬಳೆಯಂತೆ ನಡು ಟೊಳ್ಳಾಗಿದ್ದರೆ ಫೋಕಸ್ ಇನ್ನೂ ದೂರವಿದೆ.

ಇಷ್ಟಾದ ಮೇಲೆ ಫೋನು ಮುಟ್ಟದೆ ಇಂಟರ್ವಲ್ ಟೈಮರಿನಲ್ಲಿ 60 ಫ್ರೇಮ್ ತೆಗೆಯಿರಿ, ನಗರದಲ್ಲಾದರೆ 100. ಕೊನೆಗೆ ಲೆನ್ಸನ್ನು ಕಪ್ಪು ಬಟ್ಟೆಯಿಂದ ಮುಚ್ಚಿ, ಅದೇ ಐಎಸ್‌ಒ, ಅದೇ ಶಟರಿನಲ್ಲಿ ಇನ್ನೂ 15 ಫ್ರೇಮ್. ಈ ಡಾರ್ಕ್ ಫ್ರೇಮುಗಳನ್ನು ಸ್ಥಳದಲ್ಲೇ, ಫೋನು ಅದೇ ಬಿಸಿಯಲ್ಲಿರುವಾಗಲೇ ತೆಗೆಯಬೇಕು. ಮನೆಗೆ ಬಂದು ತೆಗೆದರೆ ಹಾಟ್ ಪಿಕ್ಸೆಲ್‌ಗಳು (ಬಿಸಿಗೆ ತಾವಾಗಿ ಹೊಳೆಯುವ ಪಿಕ್ಸೆಲ್‌ಗಳು) ಹೊಂದಿಕೆಯಾಗುವುದಿಲ್ಲ.

ಇಷ್ಟೆಲ್ಲ ಬೇಡವೆನ್ನುವವರಿಗೆ ಸಿದ್ಧ ಆಸ್ಟ್ರೋ ಮೋಡ್‌ಗಳಿವೆ. ಗೂಗಲ್ 2019ರಲ್ಲಿ ತನ್ನ ಪಿಕ್ಸೆಲ್ 4 ಫೋನಿನ ಜೊತೆ ತಂದದ್ದು ತಲಾ 16 ಸೆಕೆಂಡಿನ 15 ಫ್ರೇಮುಗಳನ್ನು ತಾನೇ ಕೂಡಿಸುತ್ತದೆ. ಕೆಲವು ಸ್ಯಾಮ್ಸಂಗ್ ಫೋನುಗಳಿಗೆ ಎಕ್ಸ್‌ಪರ್ಟ್ ರಾ ಆ್ಯಪ್ ಇದೆ. ಮೊದಲ ಪ್ರಯತ್ನಕ್ಕೆ ಇವು ಒಳ್ಳೆಯವು.

ಚಂದ್ರನ ಲೆಕ್ಕ ಬೇರೆ

ಮುಖ್ಯ ಕ್ಯಾಮೆರಾದ 12 ಮೆಗಾಪಿಕ್ಸೆಲ್ ಚಿತ್ರದಲ್ಲಿ ಚಂದ್ರನ ಅಗಲ ಬರೀ 24 ಪಿಕ್ಸೆಲ್, 5 ಪಟ್ಟಿನ ಟೆಲಿಯಲ್ಲಿ ಸುಮಾರು 120. ಹೆಚ್ಚಿನ ಮೆಗಾಪಿಕ್ಸೆಲ್ ನಿಜವಾಗಿ ಉಪಯೋಗಕ್ಕೆ ಬರುವುದು ದೂರದರ್ಶಕದ ಹಿಂದೆ. 70 ಮಿ.ಮೀ. ಅಗಲ, 700 ಮಿ.ಮೀ. ನಾಭಿದೂರದ ಸಣ್ಣ ದೂರದರ್ಶಕಕ್ಕೆ 25 ಮಿ.ಮೀ. ಐಪೀಸ್ (ಕಣ್ಣಿಟ್ಟು ನೋಡುವ ಮಸೂರ) ಹಾಕಿದರೆ 28 ಪಟ್ಟು. ಫೋನನ್ನು ಅಡಾಪ್ಟರಿನಲ್ಲಿ ಐಪೀಸಿಗೆ ಕೂರಿಸಿ 50 ಮೆಗಾಪಿಕ್ಸೆಲ್ ಮೋಡಿನಲ್ಲಿ ತೆಗೆದರೆ ಚಂದ್ರ 1,300 ಪಿಕ್ಸೆಲ್‌ಗೂ ಹೆಚ್ಚು ಅಗಲ ಬರುತ್ತಾನೆ. ಬೆಳಕು ಧಾರಾಳ, ಆದ್ದರಿಂದ ಸಣ್ಣ ಪಿಕ್ಸೆಲ್ಲಿಗೂ ಕೊರತೆಯಿಲ್ಲ. ಹುಣ್ಣಿಮೆಗಿಂತ ಶುಕ್ಲ ಪಕ್ಷದ ಅಷ್ಟಮಿಯ ಸಂಜೆ ಒಳ್ಳೆಯದು, ನೆರಳಿನ ಗಡಿಯಲ್ಲಿ ಕುಳಿಗಳು ಎದ್ದು ಕಾಣುತ್ತವೆ. ಸೀನ್ ಆಪ್ಟಿಮೈಸರ್‌ನಂಥ ಸೌಲಭ್ಯಗಳನ್ನು ಆಫ್ ಮಾಡಿ. ಕೆಲವು ಫೋನುಗಳು ಚಂದ್ರನನ್ನು ಗುರುತಿಸಿ, ಲೆನ್ಸಿಗೆ ಕಾಣದ ವಿವರವನ್ನೂ ತಾವೇ ತುಂಬುತ್ತವೆ. ಇದೇ ಜೋಡಣೆಯನ್ನು ಸೌರ ಫಿಲ್ಟರ್ ಇಲ್ಲದೆ ಸೂರ್ಯನತ್ತ ಎಂದೂ ತಿರುಗಿಸಬೇಡಿ.

ಕೂಡಿಸುವುದು

ಡಿಎನ್‌ಜಿ ಫೈಲುಗಳನ್ನು (ಫೋನು ಉಳಿಸಿದ ರಾ ಫೈಲುಗಳು) ಕೇಬಲ್ ಮೂಲಕ ಕಂಪ್ಯೂಟರಿಗೆ ಸಾಗಿಸಿ. ವಿಂಡೋಸ್‌ನಲ್ಲಿ ಉಚಿತವಾಗಿ ಸಿಗುವ ಸೀಕ್ವೇಟರ್ ಎಂಬ ಸಾಫ್ಟ್‌ವೇರ್ ಸಾಕು. 60 ಫ್ರೇಮನ್ನು ಸ್ಟಾರ್ ಇಮೇಜಸ್‌ಗೆ, ಡಾರ್ಕ್ ಫ್ರೇಮುಗಳನ್ನು ನಾಯ್ಸ್ ಇಮೇಜಸ್‌ಗೆ ಸೇರಿಸಿ. ಚಿತ್ರದಲ್ಲಿ ಮರ, ಮನೆ ಇದ್ದರೆ ಫ್ರೀಜ್ ಗ್ರೌಂಡ್ ಆರಿಸಿ ಆಕಾಶದ ಭಾಗವನ್ನು ಬಳಿದು ತೋರಿಸಿ. ನಾಯ್ಸ್ ಇಳಿಯುವುದು ಫ್ರೇಮುಗಳ ಸಂಖ್ಯೆಯ ವರ್ಗಮೂಲದ ಲೆಕ್ಕದಲ್ಲಿ: 16 ಫ್ರೇಮಿಗೆ ಕಾಲು ಭಾಗಕ್ಕೆ, 64ಕ್ಕೆ ಎಂಟನೇ ಒಂದು ಭಾಗಕ್ಕೆ. ವಿಮಾನದ ಗೆರೆಗಳು ಉಳಿದರೆ ರಿಮೂವ್ ಡೈನಾಮಿಕ್ ನಾಯ್ಸಸ್ ಹಾಕಿ. ಮೂಲೆಯ ನಕ್ಷತ್ರಗಳು ಜೋಡಿಯಾಗಿ ಕಂಡರೆ ಅದು ಅಗಲ ಲೆನ್ಸಿನ ಡೊಂಕು. ರೆಡ್ಯೂಸ್ ಡಿಸ್ಟಾರ್ಟ್ ಎಫೆಕ್ಟ್ಸ್ ಹಾಕಿ ಮತ್ತೆ ಓಡಿಸಿ. ಡಿಎನ್‌ಜಿ ತೆರೆಯದಿದ್ದರೆ 16 ಬಿಟ್ ಟಿಫ್ ಎಂಬ ಬಗೆಯ ಫೈಲಾಗಿ ಬದಲಾಯಿಸಿಕೊಳ್ಳಿ.

ಹೊರಬರುವ ಚಿತ್ರ ಮೊದಲಿಗೆ ಮಂಕಾಗಿರುತ್ತದೆ. ಫೋಟೊ ತಿದ್ದುವ ಸಾಫ್ಟ್‌ವೇರಿನ ಕರ್ವ್ಸ್‌ನಲ್ಲಿ (ಬೆಳಕನ್ನು ಏರಿಳಿಸುವ ಗೆರೆ) ನಡುಭಾಗವನ್ನು ಸ್ವಲ್ಪ ಸ್ವಲ್ಪವೇ ಎತ್ತಿ, ಪ್ರತಿ ಸಲವೂ ವೃಶ್ಚಿಕದ ಜ್ಯೇಷ್ಠಾ ನಕ್ಷತ್ರವನ್ನು ನೋಡಿ. ಅದು ಕೆಂಬಣ್ಣದಲ್ಲೇ ಉಳಿದಿರಬೇಕು. ಬೆಳ್ಳಗಾಗಿದ್ದರೆ ಎತ್ತಿದ್ದು ಹೆಚ್ಚಾಯಿತು, ಒಂದು ಹೆಜ್ಜೆ ಹಿಂದೆ ಬನ್ನಿ.